ಪಾದ್ರಿಯ ನಕಲು ವಹಿ

ಈರುಳ್ಳಿ ಸಿಪ್ಪೆಗಿಂತ ತೆಳು ಈ ಹಾಳೆ.
ಮೂಲ ಪತ್ರ ಹಡಗು ಹತ್ತಿತು. ಒದ್ದೆ ಕಾಗದಕ್ಕೆ ಅದನ್ನೊತ್ತಿ
ಕಬ್ಬಿಣದ ತಿರುಪು ಬಿಗಿದು ತೆಗೆದ ನೆರಳು ಮಾತ್ರ
ಕಾರವಾರದಲ್ಲೇ ಉಳಿಯಿತು.
ಅಕ್ಷರಗಳೆಲ್ಲ ಎಡಬಲ ಅದಲುಬದಲು,
ಬೆನ್ನಿನಿಂದ ಓದಬೇಕು. ಕಿಟಕಿಗೆ ಹಿಡಿದರೆ
ಆಚೆ ಬೈತಖೋಲದ ದೋಣಿಗಳ ಮೇಲೆ
ಜೋಸಾಯ ಪೆಲ್ ಪಾದ್ರಿಯ ಬರಹ ನೆಟ್ಟಗಾಗುತ್ತದೆ.

ನಮ್ಮ ಮನೆಗೆ ಇದು ಬಂದದ್ದು ಓದಲಿಕ್ಕಲ್ಲ.
ಪುರ್ಸೊ ಶೇಟ, ನನ್ನ ಅಜ್ಜನ ಅಜ್ಜ,
ಮೂಗುತಿ ಸುತ್ತಿ ಕೊಡಲು ಇಟ್ಟುಕೊಂಡ.
ಮುತ್ತನ್ನು ತರಚದ, ಬೆವರು ಹೀರುವ ಕಾಗದ
ಈ ಕಿನಾರೆಯಲ್ಲಿ ಬೇರೆಲ್ಲಿತ್ತು?
ಐನೂರು ಪುಟದ ವಹಿ. ಮಾಜಾಳಿಗೊಂದು, ಚೆಂಡಿಯೆಗೆರಡು,
ಕದ್ರಾದ ಮದುವೆಗೆ ಒಂದು ಪೂರಾ ಫೆಬ್ರುವರಿ.
ತಂಗಿ ಲಿಡಿಯಾಗೆ ಬರೆದ ಗುಟ್ಟುಗಳೆಲ್ಲ
ಹರಿಕಂತ್ರ ಹೆಂಗಸರ ಪೆಟ್ಟಿಗೆ ಸೇರಿ
ಸೀರೆಯ ಮಡಿಕೆಯಲ್ಲಿ ಪುಡಿಯಾದವು.
ಉಳಿದವು ನಲವತ್ತೊಂದು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು,
ದೇವರ ಬಗ್ಗೆ ಏನಾದರೂ ಇದ್ದೀತು ಅಂದುಕೊಂಡಿದ್ದೆ.
ಮೂವರಲ್ಲ, ಒಬ್ಬನೇ ಎನ್ನುವ ಯುನಿಟೇರಿಯನ್ ಪಂಥದವನಂತೆ,
ಅವನೂರಲ್ಲಿ ಎರಡು ಪುಸ್ತಕ ಅಚ್ಚಾಗಿದ್ದವಂತೆ.
ಇಲ್ಲಿ ನೋಡಿದರೆ: ಬೂಟಿಗೆ ಬೂಷ್ಟು.
ಬಂದರಿನಲ್ಲಿ ಹತ್ತಿಯ ಬೆಲೆಯೇ ಪ್ರಾರ್ಥನೆ.
ನನ್ನ ಪ್ರಾರ್ಥನೆಗೆ ಬಂದವರು ನಾಲ್ವರು, ಅವರಲ್ಲೊಬ್ಬ ನಿದ್ದೆಗೆ.
ಕಾಳಿ ನದಿಯ ಬಾಯಲ್ಲಿ ನೀರಿಗೆ ಎರಡು ಬಣ್ಣ, ಲಿಡಿಯಾ,
ಎಲ್ಲಿ ಕೂಡುತ್ತವೋ ನಿತ್ಯ ನೋಡಿದರೂ ತಿಳಿಯದು.
ಮತ್ತೆ ಹಲ್ಲು. ಮತ್ತೆ ಹಲ್ಲು.
ಏಳು ಪತ್ರ ಬರೀ ದವಡೆ ಹಲ್ಲು.

ಒಂದೇ ಒಂದು ಕಡೆ ವಾದಕ್ಕಿಳಿದಿದ್ದಾನೆ, ಅದೂ ನಮ್ಮವನೊಂದಿಗೆ:
"ಸೊನಗಾರನಿಗೆ ಹೇಳಿದೆ, ಬಂಗಾರ ಒಂದೇ ಅಲ್ಲವೇ,
ಬಳೆ ಬೇರೆ, ಉಂಗುರ ಬೇರೆ; ದೇವರೂ ಹಾಗೇ.
ಅವನು ಊದುಗೊಳವೆ ಕೆಳಗಿಟ್ಟು ನಕ್ಕ.
ಬರೀ ಬಂಗಾರ ನಿಲ್ಲುವುದಿಲ್ಲ ಪಾದ್ರಿಬಾ,
ಚೂರು ತಾಮ್ರ ಬೇಕು ಎಂದ.
ಲಿಡಿಯಾ, ಈ ತಾಮ್ರಕ್ಕೆ ನನ್ನ ಉತ್ತರ"
ಅಲ್ಲಿಗೆ ಪುಟ ಮುಗಿಯುತ್ತದೆ.
ಮುಂದಿನದು ಯಾರ ಮೂಗಿನ ಜೊತೆ ಹೋಯಿತೋ.

ಆಮೇಲಿನದು ಆಗಸ್ಟಿನ ಪತ್ರ, ಶಾಯಿ ಹಬ್ಬಿದೆ:
"ಇವತ್ತು ಅದೇ ಮನುಷ್ಯ ತನ್ನ ಇಕ್ಕಳದಿಂದ
ನನ್ನ ಹಲ್ಲು ಕಿತ್ತ. ನಾನು ಕೂಗಿದ್ದು
ದೇವಗಡದ ದೀಪಸ್ತಂಭಕ್ಕೂ ಕೇಳಿರಬೇಕು.
ಯಾವ ದೇವರನ್ನು ಕರೆದೆನೋ ನೆನಪಿಲ್ಲ,
ಒಬ್ಬನನ್ನೇ ಅಂತೂ ಅಲ್ಲ.
ಎರಡಾಣೆ ಕೊಡಹೋದೆ. ಆತ ಮುಟ್ಟಲಿಲ್ಲ.
ಈ ಕರಾವಳಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ ಎಂದು
ಇನ್ನು ಬರೆಯಬಹುದು ನಿನಗೆ."

ಓದಿ, ಗಂಟಲು ಕಟ್ಟಿ, ಅಟ್ಟದಿಂದ ನಮ್ಮ ಚೋಪಡಿ ಇಳಿಸಿದೆ.
ಮೋಡಿ ಲಿಪಿ ನನಗೆ ಬರದು. ಕುಮಟೆಯಿಂದ ಬಂದ ಮಾವ
ಬೆರಳಿಟ್ಟು ಓದಿದರು, ಅದೇ ಶ್ರಾವಣ:
ಪಾದ್ರಿ. ಹಲ್ಲು ಒಂದು. ಬಾಕಿ ಆಣೆ ಎರಡು.
ಅಡ್ಡಗೆರೆ ಬಿದ್ದಿಲ್ಲ. ಕೆಳಗೆ, ಬೇರೆ ಶಾಯಿಯಲ್ಲಿ:
ಪಾದ್ರಿ ಹಡಗಿಗೆ ಹೋದ. ವಹಿ ಒಂದು ಬಿಟ್ಟ. ಕಾಗದ ಒಳ್ಳೆಯದು.

ಇಬ್ಬರಲ್ಲಿ ಯಾರ ಮಾತು ಸುಳ್ಳು?
ಯಾರದೂ ಅಲ್ಲ ಎನ್ನುತ್ತಾರೆ ಮಾವ, ಕನ್ನಡಕ ಒರೆಸುತ್ತ.
ಮುಟ್ಟದೆ ಬಿಟ್ಟ ದುಡ್ಡೂ ನಮ್ಮಲ್ಲಿ ಬಾಕಿಯೇ.
ಲೆಕ್ಕ ಹರಿದುಕೊಂಡರೆ
ಆ ಮನುಷ್ಯ ಮತ್ತೆ ಅಂಗಡಿ ಮೆಟ್ಟಿಲು ಹತ್ತುವುದೇಕೆ?

ಇಕ್ಕಳ ಈಗಲೂ ಮೊಳೆಯಲ್ಲಿದೆ.
ಅಣ್ಣ ಅದರಿಂದ ಗ್ಯಾಸಿನ ತಿರುಪು ಬಿಚ್ಚುತ್ತಾನೆ.

ನಿನ್ನೆ ಅಮದಳ್ಳಿಯಿಂದ ಒಬ್ಬಾಕೆ
ಅಜ್ಜಿಯ ನತ್ತು ಕರಗಿಸಲು ತಂದಿದ್ದಾಳೆಂದು ಕೇಳಿ
ಅರ್ಧ ಪಾಠಕ್ಕೇ ಓಡಿಬಂದೆ, ಸುತ್ತಿದ ಕಾಗದ ಬಿಸಾಡಬೇಡಿ ಎನ್ನುತ್ತ.
ಗುಲಾಬಿ ಹಾಳೆ. ಮೇಲೆ ಹುಬ್ಬಳ್ಳಿಯ ಅಂಗಡಿಯ ಹೆಸರು.
ಆದರೂ ಕಿಟಕಿಗೆ ಹಿಡಿದು ನೋಡಿದೆ,
ಬೆನ್ನಿನ ಕಡೆಯಿಂದ.